ಸತ್ಯಾಂಶ: ಬೇಸಿಗೆಯ ಸೇಬು ವಿಷವೇ?

‘ಮೇ ತಿಂಗಳ ಸೇಬು ಆರು ತಿಂಗಳು ಹಳೆಯದು, ಕೆಮಿಕಲ್‌ನಲ್ಲಿ ಮುಳುಗಿಸಿಟ್ಟ ವಿಷ, ಮಕ್ಕಳಿಗೆ ಕೊಡಬೇಡಿ.’ ವಿಜಯಪುರದ ನಮ್ಮ ಗ್ರೂಪಿಗೂ ಈ ಮೆಸೇಜ್ ಬಂತು. ಹಳೆಯದು ಅನ್ನೋದು ಬಹುಪಾಲು ನಿಜ. ವಿಷ ಅನ್ನೋದು ತಪ್ಪು.

ಕಾಶ್ಮೀರ, ಹಿಮಾಚಲದಲ್ಲಿ ಕೊಯ್ಲು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಕಿತ್ತ ಮೇಲೂ ಸೇಬು ಉಸಿರಾಡುತ್ತದೆ. ಎಥಿಲೀನ್ ಅನಿಲ ಬಿಡುತ್ತಾ ಮಾಗುತ್ತದೆ. ಆ ಉಸಿರನ್ನು ನಿಧಾನ ಮಾಡಬೇಕು, ಅಷ್ಟೇ. ಅದಕ್ಕೇ ಗಾಳಿಯಾಡದ ಕೋಣೆ, 0ರಿಂದ 2 ಡಿಗ್ರಿ ತಂಪು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 21 ಇದ್ದರೆ, ಅಲ್ಲಿ ಶೇ 1ರಿಂದ 3 ಮಾತ್ರ. ತೇವಾಂಶ ಶೇ 90ರ ಮೇಲಿರಬೇಕು, ಇಲ್ಲದಿದ್ದರೆ ಸಿಪ್ಪೆ ಸುಕ್ಕಾಗುತ್ತದೆ. ಹೀಗಿಟ್ಟ ಹಣ್ಣು ತಿಂಗಳುಗಟ್ಟಲೆ ಗಟ್ಟಿಯಾಗಿರುತ್ತದೆ. ಸಿ ವಿಟಮಿನ್ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ನಮ್ಮ ಒಣದ್ರಾಕ್ಷಿ ಬೆಳೆಗಾರರೂ ಬಣ್ಣ ಕೆಡಬಾರದೆಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಾರೆ, ಅಲ್ವಾ?

ತೊಂದರೆ ಶುರುವಾಗುವುದು ಕೋಣೆಯಿಂದ ಹೊರಬಿದ್ದ ಮೇಲೆ. ನಮ್ಮ 40 ಡಿಗ್ರಿ ಬಿಸಿಲಲ್ಲಿ, ತಳ್ಳುಗಾಡಿಯ ಮೇಲೆ ಅದು ಬೇಗ ಕೆಡುತ್ತದೆ. ಮೊನ್ನೆ ತಂದ ಒಂದನ್ನು ಕೊಯ್ದೆ. ಹೊರಗೆ ಕೆಂಪಗೆ ಮಿರಿಮಿರಿ, ಒಳಗೆ ಒದ್ದೆ ರವೆಯ ಹಾಗೆ ಹಿಟ್ಟುಹಿಟ್ಟು. ರುಚಿ ಹೋಗಿತ್ತು, ಆದರೆ ಅದು ವಿಷವಲ್ಲ.

ಹಾಗಾಗಿ ಬೇಸಿಗೆಯಲ್ಲಿ ಜಾಸ್ತಿ ತರಬೇಡಿ. ಒತ್ತಿದರೆ ಗಟ್ಟಿ ಇರುವುದನ್ನು ಆರಿಸಿ, ಮನೆಗೆ ಬಂದ ಕೂಡಲೇ ಫ್ರಿಜ್‌ನಲ್ಲಿಡಿ. ಬಾಳೆಹಣ್ಣಿನ ಜೊತೆ ಬೇಡ, ಎರಡೂ ಬೇಗ ಮಾಗುತ್ತವೆ. ಬೂಸ್ಟು ಹಿಡಿದು ಕೊಳೆತ ಹಣ್ಣನ್ನು ಮಾತ್ರ ಪೂರ್ತಿ ಎಸೆಯಿರಿ.