ಒಂದು ಸ್ಕ್ರೂ ಉಳಿದಿದೆ

ಹಳೆ ಕ್ಯಾಮೆರಾ ಮಾರುವವರ ಭಾಷೆಗೆ ಯಾರಾದರೂ ಒಂದು ನಿಘಂಟು ಬರೆಯಬೇಕು. 'ಪರೀಕ್ಷಿಸಿ ನೋಡಿಲ್ಲ' ಅಂದರೆ ಪರೀಕ್ಷಿಸಿ ನೋಡಿದ್ದಾರೆ, ಕೆಲಸ ಮಾಡಲಿಲ್ಲ. 'ನಮ್ಮ ತಾತನದು, ನನಗೆ ಇದರ ಬಗ್ಗೆ ಏನೂ ತಿಳಿಯದು' ಅಂದರೆ ಅವರಿಗೆ ಎಲ್ಲವೂ ತಿಳಿದಿದೆ, ತಾತ ಮಾತ್ರ ಬೇರೆ ಯಾರದೋ. 'ಲೆನ್ಸಿನಲ್ಲಿ ವಯಸ್ಸಿಗೆ ತಕ್ಕ ಗುರುತುಗಳಿವೆ' ಅಂದರೆ ಒಳಗೆ ಬೂಷ್ಟು ಬೇರು ಬಿಟ್ಟು ಸಂಸಾರ ಹೂಡಿದೆ. 'ಶಟರ್ ಸದ್ದು ಮಾಡುತ್ತದೆ' ಅಂದರೆ ಸದ್ದು ಮಾತ್ರ ಮಾಡುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಲಿಯುವುದಿದ್ದರೆ ಇವರ ಹತ್ತಿರ ಕಲಿಯಬೇಕು.

ನಾನು ಕೊಂಡ ಕ್ಯಾಮೆರಾದ ವಿವರಣೆಯಲ್ಲಿ ಈ ನಾಲ್ಕೂ ಮಾತುಗಳಿದ್ದವು. ನಾಲ್ಕರ ಅರ್ಥವೂ ನನಗೆ ಗೊತ್ತಿತ್ತು. ಆದರೂ ಕೊಂಡೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವವನಿಗೆ ಇರುವೆ ಕಚ್ಚುತ್ತದೆ ಎಂಬುದು ಗೊತ್ತಿರುವುದಿಲ್ಲವೇ?

ಎಪ್ಪತ್ತರ ದಶಕದ ರೇಂಜ್‌ಫೈಂಡರ್ ಅದು, ಅಂದರೆ ದೂರ ಅಳೆದು ಫೋಕಸ್ ಮಾಡುವ ಜಾತಿಯ ಫಿಲಂ ಕ್ಯಾಮೆರಾ. ಮಾಡೆಲ್ ಹೇಳುವುದಿಲ್ಲ. ಹೆಸರಾಂತರು ಯಾರಾದರೂ ಕುತ್ತಿಗೆಗೆ ಒಂದು ಹಳೆ ಕ್ಯಾಮೆರಾ ನೇತುಹಾಕಿಕೊಂಡು ಫೋಟೊ ಹಾಕಿದರೆ ಸಾಕು, ಅದರ ಬೆಲೆ ರಾತ್ರೋರಾತ್ರಿ ಮಾಳಿಗೆ ಹತ್ತುತ್ತದೆ. ನಾನು ಹೆಸರಾಂತನಲ್ಲ ನಿಜ, ಆದರೂ ಜೋಪಾನವಾಗಿರುವುದು ಒಳ್ಳೆಯದು. 1967ರಿಂದ 1984ರವರೆಗೆ ತಯಾರಾಗಿ ಲಕ್ಷಗಟ್ಟಲೆ ಮಾರಾಟವಾದ ಒಲಿಂಪಸ್ ಟ್ರಿಪ್ 35 ಕ್ಯಾಮೆರಾಕ್ಕೇ ಈಗ 'ಅಪರೂಪದ ವಸ್ತು' ಎಂದು ಚೀಟಿ ಅಂಟಿಸುತ್ತಾರೆ. ಲಕ್ಷಗಟ್ಟಲೆ ಇರುವ ಅಪರೂಪ!

ಮೊದಲ ಪಾಠ ಸ್ಕ್ರೂವಿನದು. ಜಪಾನಿನ ಹಳೆ ಕ್ಯಾಮೆರಾಗಳ ಪ್ಲಸ್ ಸ್ಕ್ರೂ ನೋಡಲು ಫಿಲಿಪ್ಸ್ ಸ್ಕ್ರೂವಿನ ಅವಳಿ ಇದ್ದ ಹಾಗಿರುತ್ತದೆ. ಅವಳಿಯಲ್ಲ, ಬರೀ ಹೋಲಿಕೆ. ಅದು ಜೆಐಎಸ್ ಎಂಬ ಜಪಾನಿನದೇ ಅಳತೆಯದು. ಫಿಲಿಪ್ಸ್ ಸ್ಕ್ರೂಡ್ರೈವರ್ ಅದರೊಳಗೆ ಪೂರ್ತಿ ಕೂರುವುದಿಲ್ಲ. ಒತ್ತಿ ತಿರುಗಿಸಿದರೆ ಜಾರಿ ಮೇಲೆ ಬರುತ್ತದೆ, ಬರುವಾಗ ಸ್ಕ್ರೂವಿನ ತಲೆ ಬೋಳಿಸಿಕೊಂಡೇ ಬರುತ್ತದೆ. ಇದನ್ನು ನಾನು ಓದಿ ತಿಳಿದದ್ದು ಎರಡು ತಲೆ ಬೋಳಾದ ಮೇಲೆ. ಫಿಲಂ ಎಳೆಯುವ ಲಿವರಿನ ಮೇಲಿನದು ಇನ್ನೊಂದು ತಮಾಷೆ, ಉಲ್ಟಾ ಥ್ರೆಡ್ಡು. ಬಿಚ್ಚುತ್ತಿದ್ದೇನೆಂದು ನಂಬಿಕೊಂಡು ಅರ್ಧ ಗಂಟೆ ಬಿಗಿ ಮಾಡಿದೆ.

ಎರಡು ಸ್ಕ್ರೂ ಬೋಳಾದರೆ ಏನು ಮಹಾ ಅನ್ನಬೇಡಿ. ಸಂಗ್ರಾಹಕರ ಲೋಕದಲ್ಲಿ ಮೊದಲು ನೋಡುವುದು ಲೆನ್ಸಲ್ಲ, ಸ್ಕ್ರೂವಿನ ತಲೆ. ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ನೋಡುತ್ತಾರೆ, ಗೀರು ಕಂಡರೆ 'ಯಾರೋ ಬಿಚ್ಚಿದ್ದಾರೆ' ಎಂದು ಮುಖ ಕಿವುಚುತ್ತಾರೆ. ಬಿಚ್ಚಿ, ಸರಿಮಾಡಿ, ಫೋಟೊ ತೆಗೆಯುತ್ತಿರುವ ಕ್ಯಾಮೆರಾಕ್ಕಿಂತ, ದಶಕಗಳಿಂದ ಕೆಟ್ಟು ಕೂತು ಯಾರ ಕೈಯೂ ತಾಗದ ಕ್ಯಾಮೆರಾಕ್ಕೆ ಮರ್ಯಾದೆ ಜಾಸ್ತಿ. ಇದೇ ಲೆಕ್ಕ ಮನುಷ್ಯರಿಗೂ ಹಚ್ಚಿದರೆ, ಆಪರೇಷನ್ ಮಾಡಿಸಿಕೊಂಡು ಓಡಾಡಿಕೊಂಡಿರುವವನಿಗಿಂತ ಮೈಮೇಲೆ ಒಂದೂ ಹೊಲಿಗೆಯಿಲ್ಲದ ಹೆಣಕ್ಕೆ ಬೆಲೆ ಹೆಚ್ಚು.

ಹಿಂಬಾಗಿಲು ತೆಗೆದೆ. ಡಾಂಬರು! ಬೆಳಕು ನುಸುಳಬಾರದೆಂದು ಬಾಗಿಲ ಅಂಚಿನ ಕಾಲುವೆಗಳಲ್ಲಿ ಸ್ಪಂಜಿನ ಪಟ್ಟಿ ಅಂಟಿಸುತ್ತಿದ್ದರು. ಆ ಪಾಲಿಯುರೆಥೇನ್ ಸ್ಪಂಜು ಕಾಲ ಕಳೆದಂತೆ ಕರಗಿ ಕಪ್ಪು ಅಂಟಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲು, ಹಲ್ಲುಕಡ್ಡಿ, ಹತ್ತಿಕಡ್ಡಿ ಹಿಡಿದು ಮೂರು ಸಂಜೆ ಕೆರೆದೆ. ಕಾಲುವೆಯಿಂದ ಅದು ಹೊರಗೇನೋ ಬಂತು, ಆದರೆ ಎಲ್ಲಿಗೂ ಹೋಗಲಿಲ್ಲ. ಉಗುರಿಗೆ ಬಂತು, ಉಗುರಿನಿಂದ ಕನ್ನಡಕಕ್ಕೆ, ಕನ್ನಡಕದಿಂದ ಬಾಗಿಲ ಚಿಲಕಕ್ಕೆ, ಚಿಲಕದಿಂದ ಹೆಂಡತಿಯ ಕೈಗೆ. ಅಲ್ಲಿಂದ ಮುಂದೆ ಏನಾಯಿತೆಂದು ವಿವರಿಸುವುದಿಲ್ಲ. ಕಡೆಗೆ ಅಗಲದ ಕಡೆ ಹೊಸ ಸ್ಪಂಜಿನ ಪಟ್ಟಿ, ಕಿರಿದಾದ ಕಾಲುವೆಗಳಿಗೆ ಕಪ್ಪು ಉಲ್ಲನ್ ದಾರ ತುಂಬಿ ಬೆಳಕಿನ ಬಿಲಗಳನ್ನೆಲ್ಲ ಮುಚ್ಚಿದೆ.

ನಾನು ಹೀಗೆ ಬಿಲ ಮುಚ್ಚುತ್ತಿದ್ದ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಮಗಳು ಅದೇ ಬಿಲಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದಳು.

'ಲೈಟ್ ಲೀಕ್' ಪ್ಯಾಕ್ ಅಂತೆ. ಫೋನಿನಲ್ಲಿ ತೆಗೆದ ಚೊಕ್ಕ ಫೋಟೊದ ಅಂಚಿಗೆ ಕಿತ್ತಳೆ, ಕೆಂಪು ಬರೆ ಎಳೆದುಕೊಡುವ ಆ್ಯಪು. ಜೊತೆಗೆ ಧೂಳಿನ ಕಣ ಬೇಕೇ, ಗೀರು ಬೇಕೇ, ಮೂಲೆಯಲ್ಲಿ 1998ನೇ ಇಸವಿಯ ತಾರೀಕು ಬೇಕೇ, ಎಲ್ಲಕ್ಕೂ ಒಂದೊಂದು ಗುಂಡಿ. ಹಿಂದೆ ಸ್ಟುಡಿಯೊದವರು ಇಂಥ ಒಂದು ಪ್ರಿಂಟು ಕೊಟ್ಟಿದ್ದರೆ ಜಗಳವಾಡಿ ದುಡ್ಡು ವಾಪಸ್ ತರುತ್ತಿದ್ದೆವು. ಈಗ ಅದಕ್ಕೆ ತಿಂಗಳ ಚಂದಾ. ಹೊಸ ಮನೆ ಕಟ್ಟಿಸಿ, ಮಾಳಿಗೆ ಸೋರುವ ಸದ್ದನ್ನು ಬಾಡಿಗೆಗೆ ತಂದು, 'ವರ್ಷದ ಚಂದಾ ಕಟ್ಟಿದರೆ ಬಕೆಟ್ಟು ಉಚಿತ' ಎಂದಾಗ ಕೈ ತಟ್ಟಿದ ಹಾಗೆ.

ಇದು ಮಕ್ಕಳ ಹುಚ್ಚು ಅಂದುಕೊಂಡರೆ ತಪ್ಪು. ಮೊದಲೇ ಬೆಳಕು ತೋರಿಸಿ ಕೆಡಿಸಿಟ್ಟ ಫಿಲಂ ರೋಲುಗಳು ಮಾರಾಟಕ್ಕಿವೆ. ಕೆಟ್ಟ ಮೇಲೆ ಬಿಸಾಡುವುದಲ್ಲ, ಕೆಡಿಸಿದ ಮೇಲೆ ಬೆಲೆ ಕಟ್ಟುವುದು. 1992ರಲ್ಲಿ ವಿಯೆನ್ನಾದಲ್ಲಿ ಲೋಮೋಗ್ರಫಿ ಸಂಘ ಕಟ್ಟಿದವರು ಸೋವಿಯತ್ ಕಾಲದ ಒಂದು ಪುಟ್ಟ ಕ್ಯಾಮೆರಾದ ಕತ್ತಲುಗಟ್ಟಿದ ಮೂಲೆಗಳನ್ನೇ ಕಲೆ ಎಂದು ಮೆರೆಸಿದರು. ಅವರಿಗಾದರೂ ಕ್ಯಾಮೆರಾ ನಿಜಕ್ಕೂ ಹಾಗೇ ಇತ್ತು. ಫುಜಿಫಿಲ್ಮಿನ ಇನ್‌ಸ್ಟ್ಯಾಕ್ಸ್ ಮಿನಿ ಇವೊ ನೋಡಿ, ಒಳಗೆ ಡಿಜಿಟಲ್ ಸೆನ್ಸರು, ಹೊರಗೆ ಫಿಲಂ ಎಳೆಯುವ ಲಿವರಿನಂಥದೇ ಒಂದು ಲಿವರು. ಎಳೆದರೆ ಫಿಲಂ ಮುಂದೆ ಹೋಗುವುದಿಲ್ಲ, ಪ್ರಿಂಟು ಶುರುವಾಗುತ್ತದೆ. ಇನ್ನು ನಮ್ಮೆಲ್ಲರ ಫೋನು. ಬೆಳಕಿಗೆ ತೆರೆದು ಮುಚ್ಚುವ ಶಟರಿನ ಒಂದು ಎಲೆಯೂ ಅಲುಗದ ಕ್ಯಾಮೆರಾ ಅದು, ಗುಂಡಿ ಒತ್ತಿದರೆ ಮಾತ್ರ 'ಕ್ಲಿಕ್' ಎನ್ನುತ್ತದೆ. ಸತ್ತ ಶಟರಿಗೆ ಪ್ರತಿ ಫೋಟೊಕ್ಕೂ ಒಂದು ತಿಥಿ.

ಮಗಳು ಬಾಗಿಲಲ್ಲಿ ನಿಂತು ನನ್ನ ಕೆಲಸ ನೋಡಿದಳು. "ಅಪ್ಪ, ಅದನ್ನ ಯಾಕೆ ಮುಚ್ತಿದ್ದೀಯ? ಒರಿಜಿನಲ್ ಲೀಕು! ಫ್ರೀ!"

ಶಟರಿನ ವಿಷಯಕ್ಕೆ ಬರೋಣ. ಈ ಜಾತಿಯ ಕ್ಯಾಮೆರಾದಲ್ಲಿ ಶಟರು ಲೆನ್ಸಿನ ಹೊಟ್ಟೆಯೊಳಗೇ ಇರುತ್ತದೆ, ತೆಳ್ಳಗಿನ ಉಕ್ಕಿನ ಎಲೆಗಳು. ವರ್ಷಗಳು ಕಳೆದಂತೆ ಫೋಕಸ್ ಥ್ರೆಡ್ಡಿನ ಗ್ರೀಸು ಎಣ್ಣೆ ಬಿಟ್ಟುಕೊಂಡು ಎಲೆಗಳ ಮೇಲೆ ಹರಿದು ಅವನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಅದಕ್ಕೆ ಮದ್ದು ಸಿಗರೇಟ್ ಲೈಟರಿಗೆ ತುಂಬುವ ನ್ಯಾಫ್ತಾ. ಎರಡು ಹನಿ ಬಿಟ್ಟೆ, ಚಟಕ್ಕನೆ ತೆರೆಯಿತು. ಕುಣಿದೆ. ನ್ಯಾಫ್ತಾ ಆರಿತು, ಎಣ್ಣೆ ಅಲ್ಲೇ ಉಳಿಯಿತು, ಬೆಳಿಗ್ಗೆ ನೋಡಿದರೆ ಮತ್ತೆ ಮೌನವ್ರತ. ಹನಿ ಬಿಡುವುದು, ಒರೆಸುವುದು, ಕುಣಿಯುವುದು, ಮತ್ತೆ ಬೆಳಿಗ್ಗೆ ಅಳುವುದು, ಹೀಗೆ ಐದು ಸುತ್ತು. ಆರನೆಯ ಸುತ್ತಿಗೆ ಹೆಂಡತಿ ಡಬ್ಬಿ ಎತ್ತಿ ಹಿಡಿದು, "ರೀ, ಸಿಗರೇಟು ಯಾವಾಗಿನಿಂದ?" ಅಂದಳು. ಸಿಗರೇಟಾಗಿದ್ದರೆ ಬಿಡಿಸಲು ದಾರಿ ಇತ್ತು ಎಂಬ ಬೇಸರ ಆ ದನಿಯಲ್ಲಿತ್ತು.

ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗು ತಿರುಗಿಸುವಾಗ ಟಿಕ್ ಟಿಕ್ ಅನ್ನುತ್ತದಲ್ಲ, ಆ ಟಿಕ್ಕಿನ ಒಡೆಯ ಒಂದು ಉಕ್ಕಿನ ಗುಂಡು. ಸಾಸಿವೆ ಕಾಳಿಗಿಂತ ತುಸು ಸಣ್ಣದು. ಕೆಳಗಿನ ಸ್ಪ್ರಿಂಗು ಅದನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟುಕೊಂಡೇ ರಿಂಗು ಎತ್ತಬೇಕು ಅನ್ನುತ್ತಾರೆ ಬಲ್ಲವರು. ಬಲ್ಲವರ ಮಾತು ಸಿಗುವುದು ಯಾವಾಗಲೂ ಆಮೇಲೆ. ರಿಂಗು ಎತ್ತಿದೆ. ಟಣ್, ಗೋಡೆಗೆ. ಟಿಕ್, ನೆಲಕ್ಕೆ. ಆಮೇಲೆ ಏನೂ ಇಲ್ಲ. ಟಾರ್ಚನ್ನು ನೆಲಕ್ಕೆ ಸಮವಾಗಿ ಮಲಗಿಸಿದರೆ ಸಣ್ಣ ವಸ್ತುವಿಗೂ ಉದ್ದ ನೆರಳು ಬೀಳುತ್ತದೆ, ಹಾಗೆ ಹುಡುಕಿದೆ. ಚೀಲದಲ್ಲಿ ಸುತ್ತಿದ ಆಯಸ್ಕಾಂತವನ್ನು ಕೋಣೆಯುದ್ದಕ್ಕೂ ಎಳೆದೆ. ಎರಡು ಗುಂಡುಪಿನ್ನು ಸಿಕ್ಕವು, ಹೋದ ವರ್ಷ ಬಿಚ್ಚಿದ ಇನ್ನೊಂದು ಕ್ಯಾಮೆರಾದ ಸ್ಪ್ರಿಂಗೂ ಸಿಕ್ಕಿತು. ಆಗ ಸಿಗದೆ ಆ ಕ್ಯಾಮೆರಾವನ್ನೇ ಮಾರಿದ್ದೆ, 'ಪರೀಕ್ಷಿಸಿ ನೋಡಿಲ್ಲ' ಎಂದು ಬರೆದು. ಗುಂಡು ರಾತ್ರಿ ಸ್ನಾನಕ್ಕೆ ಹೋದಾಗ ಸಿಕ್ಕಿತು. ಮೊಣಕೈಗೆ ಮೆತ್ತಿದ ಗ್ರೀಸಿನಲ್ಲಿ ಹಾಯಾಗಿ ಅಂಟಿಕೊಂಡಿತ್ತು.

ಇಷ್ಟೆಲ್ಲ ಬೈದರೂ ಒಂದು ಮಾತು ಒಪ್ಪಬೇಕು. ಆ ಯಂತ್ರ ಬಿಚ್ಚಿಕೊಂಡಿತು. ನನ್ನ ಮೂರು ವರ್ಷದ ಫೋನು ಬಿಚ್ಚಿಕೊಳ್ಳುವುದಿಲ್ಲ. ಬ್ಯಾಟರಿ ಸೊರಗಿದೆ, ಬದಲಾಯಿಸೋಣ ಅಂದರೆ ಬೆನ್ನಿಗೆ ಗಾಜು, ಗಾಜಿಗೆ ಗೋಂದು, ಗೋಂದಿಗೆ ಬಿಸಿಗಾಳಿ, ಬಿಸಿಗಾಳಿಗೆ ನನ್ನ ಧೈರ್ಯ ಸಾಲದು. ನನ್ನದು ಐಫೋನ್ ಅಲ್ಲ, ಆದರೆ ಈ ಹಾದಿಯಲ್ಲಿ ಮುಂದೆ ನಡೆದದ್ದು ಅದು. ಐಫೋನ್ 4ರ ಕಾಲದಲ್ಲಿ ಆ್ಯಪಲ್ ಐದು ಎಸಳಿನ ಹೂವಿನಂಥ ಪೆಂಟಲೋಬ್ ಸ್ಕ್ರೂ ತಂದಿತು. ಮನೆಯ ಪೆಟ್ಟಿಗೆಯಲ್ಲಿರುವ ಯಾವ ಸ್ಕ್ರೂಡ್ರೈವರಿಗೂ ಅದು ಬಗ್ಗುತ್ತಿರಲಿಲ್ಲ ಎಂಬುದೇ ಆ ಹೂವಿನ ಪರಿಮಳ. ಈಗ ಸ್ಕ್ರೂವಿನ ಹಂಗೂ ಇಲ್ಲ. ಬಿಡಿಭಾಗಕ್ಕೂ ಫೋನಿಗೂ ಸಾಫ್ಟ್‌ವೇರಿನಲ್ಲೇ ಗಂಟು ಹಾಕಿರುತ್ತಾರೆ. ಒಂದು ಅಸಲಿ ಫೋನಿನ ಅಸಲಿ ಬಿಡಿಭಾಗ ತೆಗೆದು ಇನ್ನೊಂದು ಅಸಲಿ ಫೋನಿಗೆ ಹಾಕಿದರೂ 'ಇವರು ಯಾರೋ ಗೊತ್ತಿಲ್ಲ' ಎಂದು ಮುಖ ತಿರುಗಿಸುವ ಮಾಡೆಲ್‌ಗಳಿವೆ. ಫ್ರಾನ್ಸ್ 2021ರಲ್ಲಿ ಫೋನುಗಳಿಗೆ ಹತ್ತಕ್ಕೆ ಇಷ್ಟು ಎಂದು ರಿಪೇರಿಯ ಅಂಕ ಕೊಡಿಸಲು ಶುರುಮಾಡಿತು. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಇಂಥ ಗಂಟಿಗೆ ಕಾನೂನು ಮಾಡಿಯೇ ಅಡ್ಡ ಹಾಕಿತು. ದುಡ್ಡು ಕೊಟ್ಟು ಕೊಂಡ ವಸ್ತುವಿನ ಸ್ಕ್ರೂ ತಿರುಗಿಸಲು ಶಾಸನಸಭೆ ಕೂರಬೇಕಾಯಿತು ನೋಡಿ. ಕ್ಯಾಮೆರಾದ ಉಲ್ಟಾ ಥ್ರೆಡ್ಡಿಗೆ ಬೈದದ್ದಕ್ಕೆ ನಾಚಿಕೆಯಾಯಿತು.

ಬೆಳಕಿನ ಮೀಟರಿಗೆ ಬೇಕಾದದ್ದು 1.35 ವೋಲ್ಟಿನ ಪಾದರಸದ ಬ್ಯಾಟರಿ. ಪಾದರಸ ವಿಷ, ಆ ಬ್ಯಾಟರಿ ಮಾರುಕಟ್ಟೆಯಿಂದ ಹೋದದ್ದು ಒಳ್ಳೆಯದೇ ಆಯಿತು, ತಕರಾರಿಲ್ಲ. ಈಗಿನ ಆಲ್ಕಲೈನ್ ಬ್ಯಾಟರಿ 1.5 ವೋಲ್ಟು, ಮೀಟರು ಸುಳ್ಳು ಹೇಳುತ್ತದೆ. ಸತ್ಯಕ್ಕೆ ಹತ್ತಿರದ್ದು ಕಿವಿಯ ಯಂತ್ರದ 675 ನಂಬರಿನ ಜಿಂಕ್-ಏರ್ ಬ್ಯಾಟರಿ, 1.4 ವೋಲ್ಟು. ಗಾತ್ರ ಸಾಲದು, ಸುತ್ತ ರಬ್ಬರಿನ ಬಳೆ ತೊಡಿಸಬೇಕು. ಕಣ್ಣಿನ ಯಂತ್ರಕ್ಕೆ ಕಿವಿಯ ಬ್ಯಾಟರಿ ಹಾಕಿದ ಮೇಲೆ ಅದು ನಾನು ಹೇಳಿದ ಮಾತು ಕೇಳತೊಡಗಿತು.

ಉಳಿದದ್ದು ಫೋಕಸ್. ಫಿಲಂ ಓಡುವ ಹಳಿಗಳ ಮೇಲೆ ಮಸುಕು ಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿ, ಶಟರನ್ನು 'ಬಿ'ಗೆ, ಅಂದರೆ ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಗುರುತಿಗೆ, ಇಟ್ಟು ಒತ್ತಿ ಹಿಡಿದು, ಭೂತಗನ್ನಡಿಯಲ್ಲಿ ನೋಡಬೇಕು. ಕಿಟಕಿಯ ಬಳಿ ಹಿಡಿದೆ. 24×36 ಮಿಲಿಮೀಟರಿನ ಆ ತುಣುಕು ಟೇಪಿನ ಮೇಲೆ ದೂರದ ನೀರಿನ ಟ್ಯಾಂಕು ತಲೆಕೆಳಗಾಗಿ ಮೂಡಿತು. ಮೊದಲು ಮಂಜು, ಆಮೇಲೆ ಏಣಿಯ ಒಂದೊಂದು ಮೆಟ್ಟಿಲು. ಟ್ಯಾಂಕಿನ ಅಂಚಿಗೆ ಒಂದು ಹಕ್ಕಿ ತಲೆಕೆಳಗಾಗಿ ಕೂತಿತ್ತು. ರೆಕ್ಕೆ ಬಿಚ್ಚಿ ಆಕಾಶಕ್ಕೆ, ಅಂದರೆ ಕೆಳಕ್ಕೆ, ಹಾರಿಹೋಯಿತು. ಆಮೇಲೆ ಐದು ನಿಮಿಷ ನನಗೆ ಯಾರ ಮೇಲೂ ವ್ಯಂಗ್ಯ ತೋಚಲಿಲ್ಲ.

ರೋಲು ತುಂಬಿ, ತೊಳೆಸಿ, ಸ್ಕ್ಯಾನ್ ಮಾಡಿಸಿ ತಂದೆ. ಮೂವತ್ತಾರು ಫೋಟೊ. ಒಂದರಲ್ಲೂ ಕೆಂಪು ಬರೆ ಇಲ್ಲ, ಗೀರಿಲ್ಲ. ಮಗಳು ಒಂದೊಂದಾಗಿ ಸರಿಸಿ ನೋಡಿದಳು.

"ಚೆನ್ನಾಗಿದೆ ಅಪ್ಪ. ಆದ್ರೆ ಫಿಲಂ ಥರ ಇಲ್ಲ."

"ಫಿಲಮ್ಮೇ ಕಣೆ ಅದು!"

"ಇರ್ಲಿ ತಾಳು, ಸರಿ ಮಾಡ್ತೀನಿ."

ಆ್ಯಪಿಗೆ ಹಾಕಿದಳು. ನಾನು ಉಲ್ಲನ್ ದಾರ ತುಂಬಿ ಮುಚ್ಚಿದ್ದ ಬಿಲವೆಲ್ಲ ಬಲಗಡೆ ಅಂಚಿನಲ್ಲಿ ಧಗಧಗನೆ ಉರಿಯಿತು. ಮೂಲೆಯಲ್ಲಿ 1998 ಎಂದು ತಾರೀಕು ಬಿತ್ತು. ತಾರೀಕು ಹಾಕುವ ಸೌಕರ್ಯವೇ ಇಲ್ಲದ ಕ್ಯಾಮೆರಾ ಅದು! ಆ ಫೋಟೊ ಅವಳ ಸ್ನೇಹಿತರಲ್ಲಿ ಸಾಕಷ್ಟು ಸುತ್ತಾಡಿತು. 'ಯಾವ ಕ್ಯಾಮೆರಾ?' ಎಂದು ಕೇಳಿದವರಿಗೆಲ್ಲ ಮಾಡೆಲ್ ಹೆಸರು ಬರೆದುಬಿಟ್ಟಳು. ವಾರದೊಳಗೆ ನನಗೊಂದು ಸಂದೇಶ: ಕೊಡುವುದಾದರೆ ಹೇಳಿ, ನೀವು ಹೇಳಿದ ಬೆಲೆ. ಹಿಂದೆಯೇ ಇನ್ನೊಂದು: ಯಾರೂ ಬಿಚ್ಚಿಲ್ಲ ತಾನೆ? ಸ್ಕ್ರೂ ತಲೆಗಳ ಫೋಟೊ ಕಳಿಸಿ.

ಕಳಿಸಲಿಲ್ಲ. ಕಳಿಸಲು ಇನ್ನೊಂದು ತೊಡಕೂ ಇತ್ತು. ಎಲ್ಲ ಜೋಡಿಸಿ ಮುಗಿದ ಮೇಲೂ ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿದಿದೆ. ಬಿಚ್ಚುವಾಗ ಹಂತ ಹಂತಕ್ಕೂ ಫೋಟೊ ತೆಗೆದಿಟ್ಟುಕೊಂಡಿದ್ದೆ (ಫೋನಿನಲ್ಲೇ, ಹೌದು). ಎಲ್ಲವನ್ನೂ ತಿರುವಿ ಹಾಕಿದೆ. ಖಾಲಿ ತೂತು ಎಲ್ಲೂ ಕಾಣಲಿಲ್ಲ, ಕ್ಯಾಮೆರಾ ಚೆನ್ನಾಗಿಯೇ ಓಡುತ್ತಿದೆ. ಕಡೆಗೆ ಹೆಂಡತಿಯ ಅಂಗೈ ಮೇಲೆ ಅದನ್ನಿಟ್ಟು, "ಇದು ಎಲ್ಲಿಯದಿರಬಹುದು ನೋಡು" ಎಂದೆ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಕ್ಯಾಮೆರಾದ್ದೇ ಅಂತ ಯಾಕೆ ಅಂದ್ಕೊಂಡ್ರಿ?"