ಬಿಲ್ಲಿ ದ ಕಿಡ್‌ಗೆ ಕ್ಷಮಾದಾನ ಸಿಗಬೇಕಿತ್ತೇ?

2010ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಗವರ್ನರ್ ಬಿಲ್ ರಿಚರ್ಡ್‌ಸನ್ ಮುಂದೆ ಒಂದು ವಿಚಿತ್ರ ಅರ್ಜಿ ಬಂತು. 1881ರಲ್ಲೇ ಗುಂಡೇಟಿಗೆ ಸತ್ತ ಕುಖ್ಯಾತ ಬಂದೂಕುಗಾರ ಬಿಲ್ಲಿ ದ ಕಿಡ್‌ಗೆ, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಬ್ರೇಡಿ ಕೊಲೆ ಕೇಸಿನಲ್ಲಿ ಕ್ಷಮಾದಾನ ಕೊಡಿ ಎಂಬ ಬೇಡಿಕೆ ಅದು. ಅಧಿಕಾರದ ಕೊನೆಯ ದಿನ, ಡಿಸೆಂಬರ್ 31ರಂದು, ಅವರು ಆಗಲ್ಲ ಎಂದುಬಿಟ್ಟರು.

ಪರ

ಬಿಲ್ಲಿ ಒಳ್ಳೆಯ ಹುಡುಗ ಅಂತ ಯಾರೂ ವಾದಿಸುತ್ತಿಲ್ಲ. ಸರ್ಕಾರ ಅವನಿಗೆ ಮಾತು ಕೊಟ್ಟಿತ್ತು, ಅಷ್ಟೇ.

1878ರ ಲಿಂಕನ್ ಕೌಂಟಿಯಲ್ಲಿ ಅಂಗಡಿ, ಸಾಲ, ಸೈನ್ಯಕ್ಕೆ ದನ ಪೂರೈಸುವ ಗುತ್ತಿಗೆ ಎಲ್ಲದರಲ್ಲೂ ಮರ್ಫಿ-ಡೋಲನ್ ಗುಂಪಿನದೇ ಕೈ. ಪೈಪೋಟಿಗೆ ಅಂಗಡಿ ಹಾಕಿದ ಇಂಗ್ಲಿಷ್ ಯುವಕ ಟನ್‌ಸ್ಟಲ್‌ನನ್ನು ಫೆಬ್ರವರಿಯಲ್ಲಿ ಕೊಂದರು. ಕೊಂದವರು ಕಳ್ಳಕಾಕರಲ್ಲ, ಶೆರಿಫ್ ಬ್ರೇಡಿ ಕಳಿಸಿದ ತಂಡದವರು! ಟನ್‌ಸ್ಟಲ್ ಬಳಿ ಕೆಲಸಕ್ಕಿದ್ದ ಬಿಲ್ಲಿ ಮತ್ತು ಗೆಳೆಯರು ಕೊಂದವರನ್ನು ಹಿಡಿಯಲು ಮೊದಲು ಊರಿನ ನ್ಯಾಯಾಧೀಶನಿಂದ ವಾರಂಟ್ ಪಡೆದೇ ಹೊರಟಿದ್ದರು. ಕಾನೂನು ಯಾರ ಕಡೆ ಇತ್ತು ಅಂತ ಈಗ ಹೇಳಿ ನೋಡೋಣ.

ಮರುವರ್ಷ ಚಾಪ್‌ಮನ್ ಎಂಬ ವಕೀಲನನ್ನು ಡೋಲನ್ ಕಡೆಯವರು ರಸ್ತೆಯಲ್ಲೇ ಕೊಂದರು. ಬಿಲ್ಲಿ ಕಣ್ಣಾರೆ ಕಂಡಿದ್ದ. ಸಾಕ್ಷಿ ಹೇಳಿದರೆ ಅವನ ಮೇಲಿನ ಕೇಸಿನಿಂದ ಬಿಡಿಸುವ ಅಧಿಕಾರ ತನಗಿದೆ ಎಂದು ಗವರ್ನರ್ ಲೂ ವ್ಯಾಲೆಸ್ 1879ರ ಮಾರ್ಚ್‌ನಲ್ಲಿ ಪತ್ರ ಬರೆದ. ಆ ಊರಲ್ಲಿ ಡೋಲನ್ ವಿರುದ್ಧ ಬಾಯಿ ಬಿಡುವುದೆಂದರೆ ಜೀವ ಪಣಕ್ಕಿಟ್ಟ ಹಾಗೆ. ಬಿಲ್ಲಿ ಬಂದ, ಗ್ರ್ಯಾಂಡ್ ಜ್ಯೂರಿ (ಕೇಸು ನಡೆಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಹೇಳಿದ. ಸರ್ಕಾರಿ ವಕೀಲ ರೈನರ್‌ಸನ್ ಮಾತ್ರ ಕೇಸು ಕೈಬಿಡಲು ಒಪ್ಪಲಿಲ್ಲ. ವ್ಯಾಲೆಸ್ ಸುಮ್ಮನಾದ. 1881ರಲ್ಲಿ ಸಾಂಟಾ ಫೆ ಜೈಲಿನಿಂದ ಬಿಲ್ಲಿ ಮತ್ತೆ ಮತ್ತೆ ಪತ್ರ ಬರೆದರೂ ಉತ್ತರ ಬರಲಿಲ್ಲ. ಅಷ್ಟೊಂದು ಹೆಣ ಬಿದ್ದ ಆ ಜಗಳದಲ್ಲಿ ಕೋರ್ಟಿನಲ್ಲಿ ಶಿಕ್ಷೆಯಾದದ್ದು ಇವನೊಬ್ಬನಿಗೆ. ಡೋಲನ್‌ಗೆ ಏನೂ ಆಗಲಿಲ್ಲ.

ವಿರೋಧ

ಪತ್ರ ನಿಜ, ಸಾಕ್ಷಿ ಹೇಳಿದ್ದೂ ನಿಜ. ಆದರೆ ಆಮೇಲಿನ ಕತೆಯನ್ನು ಬಿಲ್ಲಿಯ ಅಭಿಮಾನಿಗಳು ಬೇಗ ಬೇಗ ಓಡಿಸಿಬಿಡುತ್ತಾರೆ, ಅಲ್ವಾ?

1879ರ ಜೂನ್‌ನಲ್ಲಿ ಅವನು ಕ್ಷಮೆಗೆ ಕಾಯದೆ ಕಾವಲಿನಿಂದ ಹೊರಟುಹೋದ. ದನ ಕದ್ದ. 1880ರಲ್ಲಿ ಫೋರ್ಟ್ ಸಮ್ನರ್‌ನ ಸಲೂನಿನಲ್ಲಿ ಜೋ ಗ್ರ್ಯಾಂಟ್‌ನನ್ನು ಗುಂಡಿಟ್ಟು ಕೊಂದ. ಒಪ್ಪಂದ ಮುರಿದದ್ದು ಒಂದೇ ಕಡೆಯವರಲ್ಲ. ವ್ಯಾಲೆಸ್ ಯಾಕೆ ಹಿಂದೆ ಸರಿದ ಎಂಬುದೇ ಸ್ಪಷ್ಟವಿಲ್ಲ ಎಂದು ರಿಚರ್ಡ್‌ಸನ್ ಕೊಟ್ಟ ಕಾರಣ ನನಗಂತೂ ಸರಿ ಕಾಣುತ್ತದೆ.

ಬ್ರೇಡಿ ಪಕ್ಷಪಾತಿಯೇ ಇರಲಿ. 1878ರ ಏಪ್ರಿಲ್ 1ರಂದು ರಸ್ತೆಯಲ್ಲಿ ನಡೆದು ಹೋಗುತ್ತಿದ್ದವನನ್ನು ಬಿಲ್ಲಿ ಮತ್ತು ಗೆಳೆಯರು ಮಣ್ಣಿನ ಗೋಡೆಯ ಮರೆಯಿಂದ ಹೊಡೆದರು. ಜೊತೆಗಿದ್ದ ಡೆಪ್ಯುಟಿ ಹಿಂಡ್‌ಮನ್ ಕೂಡ ಸತ್ತ. ಕೈಯಲ್ಲಿ ವಾರಂಟ್ ಇದ್ದವರು ಹೀಗೆ ಹೊಂಚು ಹಾಕುತ್ತಾರೆಯೇ?

21 ಜನರನ್ನು ಕೊಂದ ಅನ್ನೋದು ಬರೀ ಕಟ್ಟುಕತೆ, ಅದನ್ನು ಬಿಡಿ. 1881ರ ಏಪ್ರಿಲ್ 28ರಂದು ಲಿಂಕನ್ ಕೋರ್ಟ್‌ಹೌಸ್‌ನಿಂದ ತಪ್ಪಿಸಿಕೊಳ್ಳುವಾಗ ಬೆಲ್, ಓಲಿಂಗರ್ ಎಂಬ ಇಬ್ಬರು ಕಾವಲುಗಾರರನ್ನು ಕೊಂದದ್ದು ಕಟ್ಟುಕತೆಯಲ್ಲ. ಅರ್ಜಿ ಬ್ರೇಡಿ ಕೇಸಿನದು ಮಾತ್ರ. ಆದರೆ ಮರುದಿನದ ಪತ್ರಿಕೆಯಲ್ಲಿ ‘ಬಿಲ್ಲಿಗೆ ಕ್ಷಮೆ’ ಎಂದಷ್ಟೇ ಬರುತ್ತಿತ್ತು. ಬಿಲ್ಲಿಯನ್ನು ಕೊಂದ ಶೆರಿಫ್ ಪ್ಯಾಟ್ ಗ್ಯಾರೆಟ್‌ನ ಮೊಮ್ಮಕ್ಕಳು ಸಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ. ವ್ಯಾಲೆಸ್ ಮಾತಿಗೆ ತಪ್ಪಿದ ಎಂದು ಸರ್ಕಾರ ಬೇಕಾದರೆ ಬಹಿರಂಗವಾಗಿ ಒಪ್ಪಿಕೊಳ್ಳಲಿ. ಅದಕ್ಕೆ ಕ್ಷಮಾದಾನ ಯಾಕೆ ಬೇಕು?