ಸಿನಿಮಾಕ್ಕೆ ಮರ್ಯಾದೆ, ಸಂಸಾರಕ್ಕೆ ಫೋಟೋ

ಮರೆವಿನ ಜನಕ್ಕೆ ಮೈಕ್ರೋಸಾಫ್ಟ್ ಮಾಡಿದ ಉಪಕಾರವನ್ನು ನಾವು ಸರಿಯಾಗಿ ಕೊಂಡಾಡಿಲ್ಲ ಅನ್ನಿಸುತ್ತದೆ. ರಿಕಾಲ್ ಬಗ್ಗೆ ಹೇಳುತ್ತಿದ್ದೇನೆ. ಅದೇ, ಕೆಲವೇ ಸೆಕೆಂಡಿಗೊಮ್ಮೆ ನಿಮ್ಮ ಸ್ಕ್ರೀನಿನ ಫೋಟೋ ತೆಗೆದು, ಅದರಲ್ಲಿರುವ ಅಕ್ಷರ ಓದಿ, ನಿಮ್ಮ ಕಂಪ್ಯೂಟರಿನಲ್ಲೇ ಜೋಡಿಸಿಡುವ ಮಹಾನುಭಾವ. ಆಮೇಲೆ ಯಾವತ್ತೋ ನೋಡಿದ ನೀಲಿ ಸೀರೆ ಬೇಕು ಅಂದರೆ ಸಾಕು, ಸೀರೆ ಹಾಜರ್. ಕೋಪೈಲಟ್ ಪ್ಲಸ್ ಅನ್ನೋ ಹೊಸ ಜಾತಿಯ ಕಂಪ್ಯೂಟರ್ ಕೊಂಡವರಿಗೆ ಮಾತ್ರ ಈ ಭಾಗ್ಯ.

ನನಗೂ ಮರೆವು ಜಾಸ್ತಿ. ಆದರೆ ನಾನು ಮರೆಯುವುದು ಗ್ಯಾಸ್ ಆಫ್ ಮಾಡಿದೆನಾ, ಮೋಟರ್ ಆಫ್ ಮಾಡಿದೆನಾ, ಮದುವೆ ಮನೆಯಲ್ಲಿ ಎದುರು ನಿಂತು ನಗುತ್ತಿರುವ ಈ ಮನುಷ್ಯ ಯಾರ ಕಡೆಯ ನೆಂಟ ಅನ್ನೋದನ್ನ. ಇದ್ಯಾವುದೂ ಸ್ಕ್ರೀನಿನ ಮೇಲೆ ಇರುವುದಿಲ್ಲ. ಸ್ಕ್ರೀನಿನ ಮೇಲೆ ನೋಡಿದ್ದರಲ್ಲಿ ಮುಕ್ಕಾಲು ಪಾಲು ಮರೆತು ಹೋದರೇ ಒಳ್ಳೆಯದು.

2024ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ತಿಂಗಳ ಶುರುವಿನಲ್ಲಿ, ನಮ್ಮ ಮಣಿಪಾಲದಲ್ಲೇ ಇಂಜಿನಿಯರಿಂಗ್ ಓದಿದ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ ತಮ್ಮ ನೌಕರರಿಗೆ ಪತ್ರ ಬರೆದರು. ಭದ್ರತೆಯೋ ಇನ್ನೊಂದೋ ಅನ್ನೋ ಗೊಂದಲ ಬಂದರೆ ಭದ್ರತೆಯನ್ನೇ ಆರಿಸಿಕೊಳ್ಳಿ ಅಂತ. ಒಳ್ಳೆಯ ಪತ್ರ. ಅದೇ ತಿಂಗಳ 20ಕ್ಕೆ ರಿಕಾಲ್ ಘೋಷಣೆ ಆಯಿತು. ಭದ್ರತಾ ತಜ್ಞರು ಒಳಗೆ ಇಣುಕಿದರೆ, ಫೋಟೋಗಳಿಂದ ಓದಿ ತೆಗೆದ ಅಕ್ಷರವೆಲ್ಲ ಯಾವ ಗೂಢಲಿಪಿಯೂ ಇಲ್ಲದೆ ಒಂದು ಡೇಟಾಬೇಸಿನಲ್ಲಿ ಸಾಲಾಗಿ ಕೂತಿತ್ತು. ಅಲೆಕ್ಸಾಂಡರ್ ಹಾಗೆನಾ ಅನ್ನೋರು ಅದನ್ನೆಲ್ಲ ಬಾಚಿಕೊಳ್ಳುವ ಪ್ರೋಗ್ರಾಂ ಬರೆದು ಜಗತ್ತಿಗೇ ತೋರಿಸಿಬಿಟ್ಟರು. ಬಿಡುಗಡೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಬೀಗ ಹಾಕಿಕೊಂಡು, ಮುಖ ನೋಡಿ ಬಾಗಿಲು ತೆಗೆಯುತ್ತೇನೆ, ಬೇಕಾದವರು ಮಾತ್ರ ಆನ್ ಮಾಡಿಕೊಳ್ಳಿ ಅಂತ ಸಭ್ಯವಾಗಿ ವಾಪಸ್ ಬಂತು. ಮುಖ ಸಿಗದಿದ್ದರೆ ಪಿನ್ ಆದರೂ ನಡೆಯುತ್ತದೆ. ನಮ್ಮ ಮನೆಗಳಲ್ಲಿ ಪಿನ್ ಅಂದರೆ ಮಗಳು ಹುಟ್ಟಿದ ವರ್ಷ. ಅದು ಓಣಿಗೆಲ್ಲ ಗೊತ್ತು.

ನನಗೆ ತುಂಬಾ ಇಷ್ಟವಾದ ಭಾಗ ಬೇರೆ ಇದೆ. ಮೊದಲ ಅವತಾರದಲ್ಲಿ ಕಂಪನಿಯೇ ಪ್ರಾಮಾಣಿಕವಾಗಿ ಹೇಳಿಕೊಂಡಿತ್ತು: ಪಾಸ್‌ವರ್ಡ್, ಬ್ಯಾಂಕ್ ಖಾತೆ ನಂಬರ್ ಇಂಥದ್ದನ್ನೆಲ್ಲ ರಿಕಾಲ್ ಮರೆಮಾಡುವುದಿಲ್ಲ. ಆದರೆ ಕಾಪಿರೈಟ್ ಬೀಗ ಹಾಕಿದ ಸಿನಿಮಾ ಓಡುತ್ತಿದ್ದರೆ? ಛೇ ಛೇ, ಅದರ ಫೋಟೋ ಉಳಿಸಿಕೊಳ್ಳುವುದಿಲ್ಲ! ಹೀರೋ ಹೊಡೆದಾಟಕ್ಕೆ ಇರುವ ಮಾನ ನಿಮ್ಮ ಉಳಿತಾಯ ಖಾತೆಗೆ ಇರಲಿಲ್ಲ. ಈಗ ಪಾಸ್‌ವರ್ಡು, ಕಾರ್ಡ್ ನಂಬರು ಸೋಸುವ ಜರಡಿ ಇಟ್ಟಿದ್ದಾರೆ. 2024ರ ಕೊನೆಯಲ್ಲಿ ಪತ್ರಕರ್ತರು ಪರೀಕ್ಷೆ ಮಾಡಿದಾಗ, ನೋಟ್‌ಪ್ಯಾಡಿನಲ್ಲಿ ಬರೆದ ಕಾರ್ಡ್ ನಂಬರು ಆ ಜರಡಿಯಲ್ಲಿ ಸೋರಿ ಫೋಟೋದಲ್ಲಿ ಬಿದ್ದಿತ್ತು. ನಾವು ಪಾಸ್‌ವರ್ಡ್ ಎಲ್ಲಿ ಬರೆದಿಡುತ್ತೇವೆ ಹೇಳಿ? ನೋಟ್‌ಪ್ಯಾಡಿನಲ್ಲೇ. ಫೈಲಿನ ಹೆಸರೂ ಪಾಸ್‌ವರ್ಡ್ ಅಂತಲೇ.

ನಮ್ಮ ಅಭ್ಯಾಸ ಕಲಿಯುವ ಹುಚ್ಚು ಈ ಕಂಪನಿಗೆ ಹೊಸದೇನಲ್ಲ ಬಿಡಿ. ಕಾಗದ ಪತ್ರ ಬರೆಯೋಕೆ ಅವರೇ ಮಾಡಿದ ಆಫೀಸ್ 97 ಸಾಫ್ಟ್‌ವೇರಿನಲ್ಲಿ ಕಣ್ಣು ಬಿಟ್ಟುಕೊಂಡ ಪೇಪರ್ ಕ್ಲಿಪ್ ಒಂದಿತ್ತು. ಪತ್ರ ಬರೆಯುವ ಹಾಗಿದೆ, ಸಹಾಯ ಬೇಕಾ ಅಂತ ಕೇಳೋದು. ರಜೆ ಅರ್ಜಿ ಬರೆಯುವವನಿಗೆ ಬೇಕಿದ್ದ ಸಹಾಯವೇ ಬೇರೆ. ಈ ಸಲ ಯಾವ ಅಜ್ಜಿಯನ್ನು ಸಾಯಿಸೋದು ಅಂತ ಅದು ಯಾವತ್ತೂ ಹೇಳಲಿಲ್ಲ. ಆಮೇಲೆ ಆಫೀಸ್ 2000 ಬಂತು, ಮೆನುಗೂ ಬುದ್ಧಿ ಬಂತು. ನೀವು ಅಪರೂಪಕ್ಕೆ ಬಳಸುವುದನ್ನೆಲ್ಲ ಅದೇ ಅಡಗಿಸಿಡೋದು. 'ನಿನ್ನೆ ಇಲ್ಲೇ ಇತ್ತಲ್ಲ ಸಾರ್' ಅಂತ ಆಗಿನ ಕಚೇರಿಗಳಲ್ಲಿ ಒಂದೇ ಗೋಳು. ಒಂದೇ ಕಾಗದವನ್ನು ಎಲ್ಲರ ಹೆಸರಿಗೂ ಬೇರೆ ಬೇರೆಯಾಗಿ ತಯಾರಿಸುವ ಮೇಲ್ ಮರ್ಜ್ ಬೇಕಾಗೋದು ವರ್ಷಕ್ಕೊಮ್ಮೆ, ವಾರ್ಷಿಕ ಸಭೆಯ ಕಾಗದ ಕಳಿಸುವಾಗ. ವರ್ಷಕ್ಕೊಮ್ಮೆ ಬೇಕಾದ್ದು ಬೇಡವಾದ್ದು ಅಂತ ಸಾಫ್ಟ್‌ವೇರಿನ ಲೆಕ್ಕ. ಮೆನುವಿನ ಕೆಳಗಿರುವ ಜೋಡಿ ಬಾಣ ಒತ್ತಿದರೆ ಎಲ್ಲ ಕಾಣುತ್ತದೆ ಅಂತ ಗೊತ್ತಿದ್ದ ಹುಡುಗನಿಗೆ ಸಾಹೇಬರಿಗಿಂತ ಜಾಸ್ತಿ ಮರ್ಯಾದೆ, ಕಾಫಿ, ಬಿಸ್ಕತ್ತು. ಆದರೂ ಪಾಪ, ಆ ಮೆನು ಫೋಟೋ ತೆಗೆಯುತ್ತಿರಲಿಲ್ಲ.

ಇನ್ನು ಗುಟ್ಟು ಕಾಯೋದಕ್ಕೇ ಹೆಸರಾದ ಮೆಸೇಜ್ ಆ್ಯಪ್ ಸಿಗ್ನಲ್‌ನವರು ಪಟ್ಟ ಪಾಡು ನೋಡಿ. 2025ರ ಮೇ ತಿಂಗಳಲ್ಲಿ, ತಮ್ಮ ಜನರ ಮಾತುಕತೆ ರಿಕಾಲ್ ಕಣ್ಣಿಗೆ ಬೀಳದಿರಲಿ ಅಂತ ಅವರು ದಾರಿ ಹುಡುಕಿದರು. ನನ್ನ ಫೋಟೋ ತೆಗೆಯಬೇಡಪ್ಪ ಅಂತ ಒಂದು ಆ್ಯಪ್ ಹೇಳೋಕೆ ಮೈಕ್ರೋಸಾಫ್ಟ್ ಸರಿಯಾದ ವ್ಯವಸ್ಥೆಯನ್ನೇ ಕೊಟ್ಟಿಲ್ಲ ಅನ್ನೋದು ಅವರ ದೂರು. ಕೊನೆಗೆ ಸಿನಿಮಾ ಕದಿಯದಂತೆ ಹಾಕುವ ಗುರುತನ್ನೇ ತಮ್ಮ ವಿಂಡೋಗೆ ಹಾಕಿಕೊಂಡರು. ಮನುಷ್ಯರ ಗುಟ್ಟು ಉಳಿಯಬೇಕಾದರೆ ಅದು ಸಿನಿಮಾದ ವೇಷ ಹಾಕಬೇಕಾಯಿತು. ಇದರಿಂದ ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ನಂಥ ಸಲಕರಣೆಗೆ ತೊಂದರೆ ಆಗಬಹುದು ಅಂತಲೂ ಅವರೇ ಹೇಳಿದರು. ತಪ್ಪು ಯಾರದ್ದು, ಅನುಭವಿಸೋದು ಯಾರು?

ಇಲ್ಲಿಗೆ ಬಂದಾಗ ನನಗೆ ತಮಾಷೆ ಮಾಡೋಕೆ ಆಗುವುದಿಲ್ಲ. ನೀವು ರಿಕಾಲ್ ಆನ್ ಮಾಡಿಲ್ಲ, ಸರಿ. ನಿಮ್ಮ ಮೆಸೇಜ್ ಓದುವವರು ಆನ್ ಮಾಡಿಕೊಂಡಿದ್ದರೆ? ನಿಮ್ಮ ಸ್ಕ್ಯಾನಿಂಗ್ ರಿಪೋರ್ಟು, ನಿಮ್ಮ ಸಾಲದ ಕಥೆ, ಗಂಡನ ಮನೆಯ ಕಷ್ಟ ಹೇಳಿಕೊಂಡು ಅತ್ತಿದ್ದು, ಎಲ್ಲ ಅವರ ಕಂಪ್ಯೂಟರಿನಲ್ಲಿ ಫೋಟೋ ಆಗಿ ಕೂರುತ್ತದೆ. ನೀವು ಆಮೇಲೆ ಅಳಿಸಿದರೂ ಕೂರುತ್ತದೆ. ನಿಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹೊಡೆಯುವ ಗಂಡನಿಗೆ ಹೆಂಡತಿಯ ಕಂಪ್ಯೂಟರಿನ ಪಿನ್ ಗೊತ್ತಿದ್ದರೆ ಅವಳ ಗತಿ ಏನು ಅಂತ ಮೊದಲೇ ಯೋಚಿಸೋಕೆ ಯಾವ ಕೃತಕ ಬುದ್ಧಿಯೂ ಬೇಕಿರಲಿಲ್ಲ. ಇದ್ದ ಬುದ್ಧಿ ಸಾಕಿತ್ತು. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದು ಹೊರಗಿನವರು ಬೊಬ್ಬೆ ಹೊಡೆಯುವವರೆಗೂ ಬೀಗ ಹಾಕಲಿಲ್ಲ. ಚಪ್ಪಲಿ ಹಾಕಿಕೊಂಡೇ ದೇವರ ಮನೆಗೆ ನುಗ್ಗೋದು, ಬೈದ ಮೇಲೆ ಬಿಚ್ಚೋದು, ಬಿಚ್ಚಿದ್ದಕ್ಕೆ ನಮ್ಮಿಂದ ಥ್ಯಾಂಕ್ಸ್ ಕಾಯೋದು. ಪ್ರತಿ ಸಲವೂ ಇದೇ. ಸಾಕಾಗಿದೆ.

ಇರಲಿ. ಕನ್ನಡಿಗರಿಗೆ ಒಂದು ಸಿಹಿ ಸುದ್ದಿ ಇದೆ. ರಿಕಾಲ್‌ಗೆ ಚೆನ್ನಾಗಿ ಒಗ್ಗುವ ಭಾಷೆಗಳು ಅಂತ ಕಂಪನಿ ಕೊಟ್ಟ ಪಟ್ಟಿಯಲ್ಲಿ ಇಂಗ್ಲಿಷ್, ಚೀನಿ, ಫ್ರೆಂಚ್, ಜರ್ಮನ್, ಜಪಾನಿ, ಸ್ಪ್ಯಾನಿಷ್ ಇದ್ದವು. ಕನ್ನಡ ಇರಲಿಲ್ಲ. ಫೋಟೋ ಹೇಗೂ ಬೀಳುತ್ತದೆ, ಆದರೆ ಹುಡುಕುವವನು ಒದ್ದಾಡಬೇಕು. ಹಾಗಾಗಿ ಗುಟ್ಟಿನ ಮಾತಿದ್ದರೆ ಕನ್ನಡದಲ್ಲೇ ಬರೆಯಿರಿ. ಎಟಿಎಂನಲ್ಲಿ, ಬ್ಯಾಂಕಿನಲ್ಲಿ, ರೈಲ್ವೆ ಪರೀಕ್ಷೆಯಲ್ಲಿ ಕನ್ನಡ ಬೇಕು ಅಂತ ಹೋರಾಡುವ ಗೆಳೆಯರಿಗೆ ಕೈ ಮುಗಿದು ಕೇಳುತ್ತೇನೆ: ಇದೊಂದು ಪಟ್ಟಿಯ ತಂಟೆಗೆ ಮಾತ್ರ ದಯವಿಟ್ಟು ಹೋಗಬೇಡಿ.